ಉತ್ತರ ಬರದಿದ್ದರೆ

"ಬುದ್ಧಿ ಬೇಡ್ವೇನ್ರೀ ಆ ಎಐಗೆ? ಆಪರೇಷನ್ನೇ ರದ್ದು ಮಾಡಿದೆ! ಪಾಪ, ಅಜ್ಜ ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿ ಕೂತಿದ್ದಾರೆ," ಎಂದು ಕಣ್ಣಾಸ್ಪತ್ರೆಯ ಮ್ಯಾನೇಜರ್ ಹಾರಾಡುತ್ತಿದ್ದರು. ರೋಗಿಗಳಿಗೆ ಫೋನ್ ಮಾಡಿ ಆಪರೇಷನ್ ಖಚಿತಪಡಿಸಿಕೊಳ್ಳುವ ಎಐ ಏಜೆಂಟಿಗೆ ಸೂಚನೆ ಬರೆದುಕೊಡುವವಳು ಪರದೆಯ ಮೇಲಿನ ಸಾಲನ್ನೇ ನೋಡುತ್ತ ಕೂತಿದ್ದಳು: 'ರದ್ದು: ಎರಡು ಸಲ ಕರೆ ಮಾಡಿದರೂ ಉತ್ತರಿಸದ ರೋಗಿಗಳಿಗೆ ಬಳಸಿ.' ಅವಳೇ ಬರೆದದ್ದು.

"ಅಜ್ಜನಿಗೆ ಕಿವಿ ಮಂದ. ಕೌಂಟರಿನವರು ಯಾವಾಗ್ಲೂ ಮಗಳಿಗೇ ಫೋನ್ ಮಾಡ್ತಾರೆ. ಎಲ್ಲರಿಗೂ ಗೊತ್ತಿರೋದೇ."

"ಎಲ್ಲರಿಗೂ ಗೊತ್ತು ಸಾರ್. ಆದ್ರೆ ಆ ಎಐಗೆ ಯಾರು ಹೇಳಿದ್ರು? ನಾನು ಬರೆದಿದ್ದನ್ನ ಅದು ಚಾಚೂ ತಪ್ಪದೆ ಮಾಡಿದೆ, ಅಷ್ಟೆ."

ಇನ್ನು ವಾದಿಸಲು ಅವಳಲ್ಲಿ ತ್ರಾಣವಿರಲಿಲ್ಲ. ಇಂಥ ಸಾಲುಗಳನ್ನೇ ತಿದ್ದಿ ತಿದ್ದಿ ಕಣ್ಣು ಉರಿಯುತ್ತಿತ್ತು. ಆರಿಹೋದ ಕಾಫಿಯನ್ನು ಪಕ್ಕಕ್ಕೆ ಸರಿಸಿ ಟೈಪ್ ಮಾಡಿದಳು: 'ಉತ್ತರ ಬರಲಿಲ್ಲವೆಂದರೆ ಬೇಡವೆಂದು ಅರ್ಥವಲ್ಲ. ಕಾರಣ ತಿಳಿಯದೆ ರದ್ದು ಮಾಡಬೇಡಿ. ಮನೆಯವರನ್ನು ಕೇಳಿ, ಆಗಲೂ ತಿಳಿಯದಿದ್ದರೆ ಸಿಬ್ಬಂದಿಗೆ ಒಪ್ಪಿಸಿ.'

ತಪ್ಪೇನಾದರೂ ಉಳಿದಿದೆಯೇ ಎಂದು ಓದಹೊರಟವಳ ಕಣ್ಣು ಮೊದಲ ವಾಕ್ಯದಲ್ಲೇ ನಿಂತಿತು. ಅಮ್ಮ ತೀರಿಕೊಂಡ ಮೇಲೆ, ಆಕೆಯ ಹೊಲಿಗೆ ಮೆಷಿನ್ ಯಾರಿಗೆ ಎಂದು ಅಕ್ಕನಿಗೂ ಇವಳಿಗೂ ಜಗಳವಾಗಿತ್ತು. ಆಮೇಲೆ ಇವಳು ಎರಡು ಸಲ ಫೋನ್ ಮಾಡಿದ್ದಳು, ಅಕ್ಕ ಎತ್ತಿರಲಿಲ್ಲ. ಅಷ್ಟಕ್ಕೇ, ಹಾಳಾಗಿ ಹೋಗಲಿ ಎಂದು ಆ ನಂಬರನ್ನೇ ಅಳಿಸಿಹಾಕಿದ್ದಳು.

"ಆಯ್ತಾ? ಬನ್ನಿ, ಊಟಕ್ಕೆ ಹೋಗೋಣ," ಎಂದರು ಮ್ಯಾನೇಜರ್, ಸ್ವಲ್ಪ ತಣ್ಣಗಾಗಿ.

"ನೀವು ನಡೀರಿ ಸಾರ್," ಎಂದಳು ಅವಳು, ಅಳಿಸಿದ್ದರೂ ಬಾಯಿಪಾಠವಾಗಿದ್ದ ನಂಬರನ್ನು ಒತ್ತುತ್ತ. "ನನಗೊಂದು ಫೋನ್ ಮಾಡೋದಿದೆ."