ಪಿಸ್ತೂಲಿನ ಹಿಡಿಯ ತಗ್ಗು

"ನಳಿಗೆ ನನ್ನ ಕಡೆ ಬೇಡ ಕಣೋ, ಆ ಕಡೆ ತಿರುಗಿಸಿಡು" ಎಂದರು ಅಮ್ಮ, ಬಾಗಿಲ ಹತ್ತಿರದಿಂದಲೇ. ಗುಂಡು ಹಾರದ ಹಾಗೆ ನಳಿಗೆಯೊಳಗೆ ಸೀಸ ಹೊಯ್ಯಿಸಿ ನಲವತ್ತೈದು ವರ್ಷವಾಗಿತ್ತು. ಆದರೂ ತೀರಿಹೋದ ಗಂಡನಿಗೆ ಸೈನ್ಯ ಬಿಡುವಾಗ ನೆನಪಿಗೆಂದು ಕೊಟ್ಟಿದ್ದ ಆ ಪಿಸ್ತೂಲೆಂದರೆ ಅವರಿಗೆ ಆಗದು. ಗಾಜಿನ ಕಪಾಟು ಒರೆಸುವಾಗಲೂ ಅದಿದ್ದ ಅರೆಯೊಂದನ್ನು ಬಿಟ್ಟೇ ಒರೆಸುತ್ತಿದ್ದರು.

ಮಗನಿಗೋ ಇವತ್ತು ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಭಾನುವಾರ ಪಿಸ್ತೂಲು ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗುವುದಿತ್ತು. ಹಿತ್ತಾಳೆಯ ಫಲಕವನ್ನು ಆಗಲೇ ಕೆತ್ತಿಸಿಟ್ಟಿದ್ದ: 'ಶತ್ರುವಿನ ತಲೆ ಒಡೆದ ಪಿಸ್ತೂಲು. ದಳ:' ಮುಂದಿನ ಜಾಗ ಖಾಲಿ. ಅಪ್ಪ ಯಾವ ದಳದಲ್ಲಿದ್ದರೆಂದು ಯಾರಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ "ಅದು ಗುಟ್ಟು" ಎಂದು, ಶತ್ರುವಿನ ತಲೆಗೆ ಬಡಿದಾಗ ಬಿದ್ದದ್ದೆನ್ನುತ್ತಿದ್ದ ಹಿಡಿಯ ಮೇಲಿನ ತಗ್ಗು ತೋರಿಸಿ ಮೀಸೆ ತಿರುವುತ್ತಿದ್ದರು. ಆ ಖಾಲಿ ಜಾಗ ತುಂಬಿಸಲೆಂದೇ ಮಗ, ಸೇನೆಯ ದಾಖಲೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರನ್ನು ಹುಡುಕಿ ಕರೆಸಿದ್ದ. ಹೋದ ತಿಂಗಳು ಆಕೆ ಪಿಸ್ತೂಲಿನ ಬೆನ್ನಿಗೆ ಸೀಮೆಸುಣ್ಣ ಉಜ್ಜಿ, ಎದ್ದು ಕಂಡ ದಳದ ಮುದ್ರೆ ಬರೆದುಕೊಂಡು ಹೋಗಿದ್ದರು. ಇವತ್ತು ಆ ದಳದ ಆಯುಧ ರಿಜಿಸ್ಟರಿನ ನಕಲು ತಂದು ಮೇಜಿನ ಮೇಲೆ ಹರಡಿ ಕೂತಿದ್ದರು.

"ಅಶ್ವದಳವಾ ಮೇಡಂ?"

"ಅಲ್ಲ."

"ಹಾಗಾದ್ರೆ ಫಿರಂಗಿ ದಳ!"

"ಬೆಂಕಿ ಹೊಗೆ ಎಲ್ಲ ಇತ್ತು, ಆದ್ರೆ ಫಿರಂಗಿ ಅಲ್ಲ." ಗುಮಾಸ್ತೆ ಕನ್ನಡಕ ಏರಿಸಿಕೊಂಡರು. "ಬೇಕರಿ. ಸೈನ್ಯಕ್ಕೆಲ್ಲ ಬ್ರೆಡ್ ಮಾಡಿ ಕಳಿಸೋ ದಳ. ಅಲ್ಲೂ ಆಳಿಗೊಂದು ಪಿಸ್ತೂಲು ಕೊಟ್ಟಿದ್ರು."

ಮಗನ ಮುಖ ಹುಳ್ಳಗಾಯಿತು. "ಇನ್ನೊಂದ್ಸಲ ನೋಡಿ ಮೇಡಂ. ಮತ್ತೆ ಆ ತಗ್ಗು? ತಲೆ ಒಡೆದಿದ್ದು?"

"ಅದೂ ಇದೆ, ಕೇಳಿ." ಆಕೆ ಬೆರಳಿಟ್ಟು ಓದಿದರು. "'ಪಿಸ್ತೂಲಿನ ಹಿಡಿಯಿಂದ ಕಲ್ಲುಸಕ್ಕರೆ ಗಡ್ಡೆ ಒಡೆದು ಹಿಡಿಗೆ ತಗ್ಗು ಬೀಳಿಸಿದ್ದಾನೆ. ಕಾರಣ ಕೇಳಿದ್ದಕ್ಕೆ, ಸುತ್ತಿಗೆ ಸಿಗಲಿಲ್ಲ ಎಂದಿದ್ದಾನೆ. ಎಚ್ಚರಿಕೆ ಕೊಡಲಾಗಿದೆ.' ಕೆಳಗೆ ನಿಮ್ಮ ತಂದೆಯವರ ಸಹಿ."

"ಗುಂಡು?" ಬಾಗಿಲಲ್ಲಿದ್ದ ಅಮ್ಮ ಯಾವಾಗ ಮೇಜಿನ ಹತ್ತಿರ ಬಂದರೋ ಯಾರೂ ನೋಡಲಿಲ್ಲ. "ಗುಂಡು ಎಷ್ಟು ಹಾರಿಸಿದ್ದಾರೆ, ಅದನ್ನ ನೋಡಿ ಹೇಳಮ್ಮ."

"ಕೊಟ್ಟಿದ್ದು ಹನ್ನೆರಡು. ಕೆಲಸ ಬಿಡುವಾಗ ವಾಪಸ್ ಕೊಟ್ಟಿದ್ದು ಹನ್ನೆರಡು."

ಅಮ್ಮ ಕುರ್ಚಿ ಎಳೆದುಕೊಂಡು ಕುಸಿದು ಕೂತರು. ಮಗ ಗಾಬರಿಯಾಗಿ ನೀರು ತರಲು ಎದ್ದ. ಆದರೆ ಅಮ್ಮ ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು.

"ಅಯ್ಯೋ ಸುಳ್ಳುಬುರುಕ! ನನ್ನನ್ನ ಕೇಳೋಕೆ ನಮ್ಮನೆಗೆ ಬಂದ ದಿನ ನಿಮ್ಮಪ್ಪ ನಮ್ಮಪ್ಪನ ಮುಂದೆ ಜಂಬ ಕೊಚ್ಚಿದ್ದು ಕಣೋ ಇದು. ವಾಪಸ್ ತಗೊಳ್ಳೋಕಾಗದೆ ಸಾಯೋವರೆಗೂ ಎಳ್ಕೊಂಡು ಬಂದ್ರು. ಆ ಬಲಗೈ ನನ್ನ ತಲೆ ಮೇಲೆ ಬಂದಾಗೆಲ್ಲ ಯಾರದೋ ತಲೆ ನೆನಪಾಗಿ ನಡುಗ್ತಿದ್ದೆ. ತಲೆನೋವು ಅಂದ್ರೆ ಒತ್ತೋಕೆ ಬರೋರು, ನಾನು ಬಿಡ್ತಿರಲಿಲ್ಲ. ಪಾಪ, ಯಾಕೆ ಅಂತ ಅವರಿಗೆ ಗೊತ್ತೇ ಆಗಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಗು ಉಕ್ಕಿತು. "ಮನೇಲಿ ಕಲ್ಲುಸಕ್ಕರೆ ಒಡೆಯೋಕೆ ನನ್ನ ಬಿಡ್ತಾನೇ ಇರಲಿಲ್ವಲ್ಲೋ! 'ಕೊಡಿಲ್ಲಿ, ಇದು ನನ್ನ ಕೆಲಸ' ಅನ್ನೋರು. ಆಗಲಾದ್ರೂ ನನ್ನ ಮಂಕು ಬುದ್ಧಿಗೆ ಹೊಳೀಬಾರದಾ!"

"ನೀನು ನಗ್ತಾ ಕೂರಮ್ಮ. ಭಾನುವಾರಕ್ಕೆ ಊರೆಲ್ಲ ಕರೆದಿದ್ದೀನಿ. ನನ್ನ ಮಾನ ಹೋಯ್ತು."

"ಹೋಗೋ, ಮಾನ ಬಂದಿದ್ದೇ ಈಗ!"

ಅಮ್ಮ ದಡದಡ ಅಡುಗೆಮನೆಗೆ ಹೋಗಿ ಮುಷ್ಟಿ ಗಾತ್ರದ ಕಲ್ಲುಸಕ್ಕರೆ ಗಡ್ಡೆ ತಂದರು. ಅದನ್ನು ಮೇಜಿನ ಮೇಲಿಟ್ಟು, ಮದುವೆಯಾದಾಗಿನಿಂದ ಒಮ್ಮೆಯೂ ಮುಟ್ಟದ ಪಿಸ್ತೂಲನ್ನು ಎತ್ತಿಕೊಂಡರು. ಅದೂ ನಳಿಗೆಯನ್ನೇ ಮುಷ್ಟಿಯಲ್ಲಿ ಹಿಡಿದು. ಗುಮಾಸ್ತೆ ಕಾಗದಗಳನ್ನು ಪಕ್ಕಕ್ಕೆ ಸರಿಸಿಕೊಟ್ಟರು.

"ಅಮ್ಮಾ, ಹಳೇ ಸಾಮಾನು, ಹಾಳಾಗತ್ತೆ..."

ಠಪ್ ಎಂದಿತು. ಚೂರುಗಳು ಕುರ್ಚಿಯ ಕೆಳಗೆಲ್ಲ ಹಾರಿದವು. ಅಮ್ಮ ಒಂದು ಚೂರನ್ನು ಗುಮಾಸ್ತೆಯ ಕೈಗಿತ್ತರು, ಬೈಯಲು ತೆರೆದಿದ್ದ ಮಗನ ಬಾಯಿಗೆ ದೊಡ್ಡದೊಂದನ್ನು ತುರುಕಿದರು. ಅವನು ಪಿಸ್ತೂಲು ಕಸಿದುಕೊಂಡು ಬೆಳಕಿಗೆ ಹಿಡಿದ. ಮರದ ಹಿಡಿಯಲ್ಲಿ ಹಳೆಯ ತಗ್ಗಿನ ಪಕ್ಕಕ್ಕೇ ಹೊಸದೊಂದು ಬಿದ್ದಿತ್ತು.

"ನೋಡು ಏನು ಮಾಡಿದೆ!" ಎಂದ, ಸಕ್ಕರೆ ಚೀಪುತ್ತಲೇ.

"ಫಲಕದಲ್ಲಿ ಅದನ್ನೂ ಬರೆಸು" ಎಂದರು ಅಮ್ಮ. "ಮೊದಲನೇ ತಗ್ಗು ಅವರದು, ಎರಡನೇದು ಅವರ ಹೆಂಡತಿದು ಅಂತ."