ಜಲಜಾ ಇಲ್ಲದ ಮ್ಯಾಚು

ಮಂಡ್ಯದ ಈ ಕ್ಲಬ್ಬಿನಲ್ಲಿ ಬಾಸ್ಕೆಟ್‌ಬಾಲ್ ಮ್ಯಾಚು ಮುಗಿದ ಮೇಲೆ ಹುಡುಗಿಯರೆಲ್ಲ ಶೂ ಬಿಚ್ಚಿ, ಬಾಳೆಹಣ್ಣು ತಿನ್ನುತ್ತ, ತಾವಿಲ್ಲದ ಮ್ಯಾಚು ನೋಡಲು ಕೂರುತ್ತಾರೆ. ಯಂತ್ರ ಅದೇ ಆಟವನ್ನು ಪರದೆಯ ಮೇಲೆ ಮತ್ತೆ ಆಡಿಸುತ್ತದೆ. ನಿಮ್ಮ ಜಾಗದಲ್ಲಿ ಸಾಧಾರಣ ಆಟಗಾರ್ತಿಯೊಬ್ಬಳನ್ನು ಇಡುತ್ತದೆ, ಅಷ್ಟೇ. ಎರಡು ಸ್ಕೋರುಗಳ ಅಂತರವೇ ನಿಮ್ಮ ಬೆಲೆ.

ಜಲಜಾ ಗಾರ್ಡ್ ಸ್ಥಾನದಲ್ಲಿ ಆಡಿದಾಗ ತಂಡ ಮೂರು ಪಾಯಿಂಟಿನಲ್ಲಿ ಸೋತಿತ್ತು. ಪರದೆಯಲ್ಲಿ ಅವಳಿಲ್ಲದೆ ಎಂಟರಲ್ಲಿ ಗೆದ್ದಿತು. ಮೈನಸ್ ಹನ್ನೊಂದು. ಇದು ಸತತ ಐದನೇ ಮೈನಸ್ಸು. ಐದಾದರೆ ತಂಡ ಬಿಡುವ ಕಾಗದಕ್ಕೆ ಸೈನು ಹಾಕಿ ಜರ್ಸಿ ವಾಪಸ್ ಕೊಡಬೇಕು.

"ನಿನ್ ಮಂಡಿನೋವು ಯಂತ್ರಕ್ಕೇನ್ ಗೊತ್ತವ್ವ," ಎಂದರು ಕೋಚ್ ಪುಟ್ಟಮಾದಯ್ಯ. "ಇನ್ನೊಂದ್ ಮ್ಯಾಚ್ ಕೊಡಿ ಅಂತ ಕಮಿಟಿಗೆ ನಾನ್ ಬರೀತೀನಿ. ನೀನ್ ಸೈನ್ ಹಾಕ್ಬ್ಯಾಡ ಕಣವ್ವ."

ಜಲಜಾ ಸ್ಕೋರು ನೋಡುತ್ತಿರಲಿಲ್ಲ. ಪರದೆಯಲ್ಲಿ ಕಾಣುವ ಗ್ಯಾಲರಿಯ ಮೂರನೇ ಮೆಟ್ಟಿಲು ನೋಡುತ್ತಿದ್ದಳು. ಹನ್ನೆರಡು ವರ್ಷದಿಂದ ಅಪ್ಪ ಅವಳ ಒಂದು ಮ್ಯಾಚೂ ತಪ್ಪಿಸಿದವರಲ್ಲ. ಇವತ್ತು ನಿಜವಾದ ಆಟದಲ್ಲಿ ಅವಳ ಕೈಯಿಂದ ಚೆಂಡು ಜಾರಿದಾಗಲೆಲ್ಲ ತಲೆ ತಗ್ಗಿಸಿ ಹೆಗಲ ಟವೆಲ್ಲಿನ ನೂಲು ಕೀಳುತ್ತಿದ್ದರು.

ಯಂತ್ರ ಮಗಳನ್ನು ತೆಗೆದು ಅಪ್ಪನನ್ನು ಅಲ್ಲೇ ಬಿಟ್ಟಿತ್ತು. ಮಗಳಿಲ್ಲದ ಮ್ಯಾಚಿಗೆ ಅವರು ಯಾಕೆ ಬರುತ್ತಾರೆ ಎಂದು ಅದಕ್ಕೆ ಹೊಳೆದಿರಲಿಲ್ಲ. ಜಲಜಾಳ ಜಾಗಕ್ಕೆ ಬಂದ, ಹೆಸರೇ ಇಲ್ಲದ ಆ ಹುಡುಗಿ ಬಾಸ್ಕೆಟ್ ಹಾಕಿದಾಗ ಅಪ್ಪ ಎದ್ದು ನಿಂತು, ಟವೆಲ್ಲು ಬೀಸುತ್ತ ಬಾಯ್ತುಂಬ ನಕ್ಕರು.

"ಸೈನ್ ಹಾಕ್ತೀನಿ ಸಾರ್," ಎಂದಳು ಜಲಜಾ. "ಅದುಕ್ ಮುಂಚೆ, ನಮ್ಮಪ್ಪ ಎದ್ ನಿಂತ್ಕಂಡ್ರಲ್ಲ, ಅಲ್ಲಿಂದ ಇನ್ನೊಂದ್ ಸತಿ ಹಾಕಿ."