ಹದಿನಾಲ್ಕು ಬ್ಲ್ಯಾಕ್‌ಬೆರಿ

ಮೊಸರಿನ ಬಟ್ಟಲಿನಿಂದ ಬ್ಲ್ಯಾಕ್‌ಬೆರಿಗಳನ್ನು ಒಂದೊಂದಾಗಿ ಚಮಚದಲ್ಲಿ ಎತ್ತಿ, ನೀರಲ್ಲಿ ಅದ್ದಿ, ಟವೆಲ್ ಮೇಲೆ ಹರವುವಂತೆ ಶೋಭಾರಾಣಿ ಅಡುಗೆಯ ಶರಣಮ್ಮನಿಗೆ ಹೇಳಿದರು. ಮುಂದಿನ ಫೋಟೋ ಓಟ್ಸ್ ಮೇಲೆ. ಅದಾದ ಮೇಲೆ ದೋಸೆ, ಆಮೇಲೆ ಸಲಾಡ್. ತಟ್ಟೆಗಳು ಬದಲಾಗುತ್ತಿದ್ದವು, ಹಣ್ಣು ಮಾತ್ರ ಅವೇ ಹದಿನಾಲ್ಕು.

ಚಂದಾಪುರದ ಅವರ ಲೇಡೀಸ್ ಪಿ.ಜಿ.ಯಲ್ಲಿ ಮೇಲಿನ ಮಹಡಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಎದುರುಗಡೆ ಹೊಸದಾಗಿ ಎದ್ದ ಪಿ.ಜಿ.ಯವರು ‘ಹೆಲ್ದಿ ಫುಡ್’ ಎಂದು ಬೋರ್ಡು ಹಾಕಿಕೊಂಡಿದ್ದೇ ಇದಕ್ಕೆ ಕಾರಣವೆಂದು ಶೋಭಾರಾಣಿಯವರಿಗೆ ಅನುಮಾನವೇ ಇರಲಿಲ್ಲ. ಅವರು ಮಾಲ್‌ಗೆ ಹೋಗಿ ಒಂದೇ ಒಂದು ಡಬ್ಬಿ ಬ್ಲ್ಯಾಕ್‌ಬೆರಿ ತಂದರು. ಶನಿವಾರ ಬೆಳಿಗ್ಗೆ ಎರಡನೇ ಮಹಡಿಯ ರಕ್ಷಿತಾಳನ್ನು ನಿದ್ದೆಯಿಂದ ಎಬ್ಬಿಸಿದರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ರಕ್ಷಿತಾಳ ಫೋನಿನಲ್ಲಿ ಒಳ್ಳೆಯ ಕ್ಯಾಮೆರಾ ಇದ್ದದ್ದು ಅವಳ ಕರ್ಮ.

ಫೋಟೋ ತೆಗೆದದ್ದಾಯಿತು. ಇನ್ನು ಪೋಸ್ಟರಿಗೆ ಹಣ್ಣಿನ ಗುಣ ಬರೆಯಬೇಕು. ರೋಗ ತಡೆಯಲು ವಿಟಮಿನ್ ಸಿ, ಮೂಳೆಗೆ ವಿಟಮಿನ್ ಕೆ, ಹೊಟ್ಟೆಗೆ ನಾರು ಎಂದು ಶೋಭಾರಾಣಿ ಹೇಳುತ್ತ ಹೋದರು. ಹತ್ತು ಗಂಟೆಯಾದರೂ ಹೊಟ್ಟೆಗೆ ಏನೂ ಬೀಳದ ರಕ್ಷಿತಾ ಟೈಪ್ ಮಾಡುತ್ತ ಹೋದಳು. ಮೂರು ಸಲ ಸ್ನಾನ ಮಾಡಿದ್ದ ಹಣ್ಣುಗಳು ಅಷ್ಟರಲ್ಲಿ ಮೆತ್ತಗಾಗಿ, ಸಲಾಡಿನ ಸೌತೆಕಾಯಿಗೆಲ್ಲ ನೇರಳೆ ಬಣ್ಣ ಹತ್ತಿತ್ತು. ಇದು ತಿನ್ನುವ ಮೊದಲು ಒಂದೇ ಸಲ ತೊಳೆಯಬೇಕಾದ ಹಣ್ಣು, ಇನ್ನು ಉಳಿಯುವುದಿಲ್ಲ, ಬೆಲ್ಲ, ಉಪ್ಪು, ಚಿಟಿಕೆ ಖಾರದಪುಡಿ ಹಾಕಿ ಗೊಜ್ಜು ಕುದಿಸಿದರೆ ರಾತ್ರಿ ಚಪಾತಿಗಾದರೂ ಆಗುತ್ತದೆ ಎಂದಳು ಶರಣಮ್ಮ. ನಾಳೆ ರೂಮು ನೋಡಲು ಜನ ಬರುತ್ತಾರೆ, ಗಾಜಿನ ಬಟ್ಟಲಿಗೆ ಹಾಕಿ ಫ್ರಿಡ್ಜಿನಲ್ಲಿಡು ಎಂದು ಶೋಭಾರಾಣಿ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಭಾನುವಾರ ಮಧುಗಿರಿ ಕಡೆಯ ಹನುಮಂತರಾಯಪ್ಪ ಮಗಳು ವೇಣಿಯನ್ನು ಕರೆದುಕೊಂಡು ಬಂದರು. ಹುಡುಗಿಗೆ ಅತ್ತಿಬೆಲೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ಟೈಫಾಯ್ಡ್‌ನಿಂದ ಎದ್ದು ತಿಂಗಳೂ ಆಗಿರಲಿಲ್ಲ. ಊಟ ಸರಿಯಿರುವ ಕಡೆಯೇ ಇರಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹನುಮಂತರಾಯಪ್ಪ ಲಿಫ್ಟ್ ಕೇಳಲಿಲ್ಲ, ವೈಫೈ ಕೇಳಲಿಲ್ಲ. ಗೇಟಿನ ಪೋಸ್ಟರನ್ನು ಒಂದಕ್ಷರ ಬಿಡದೆ ಓದಿಕೊಂಡು ನೇರವಾಗಿ ಊಟದ ಮನೆಗೆ ಬಂದರು. ಶೋಭಾರಾಣಿ ಗಾಜಿನ ಬಟ್ಟಲನ್ನು ಮುಂದಕ್ಕೆ ತಳ್ಳಿದರು. ಹನುಮಂತರಾಯಪ್ಪ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಮರ್ಯಾದೆಗೆ ಬೀಜಸಮೇತ ನುಂಗಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ತಿರುಗಿದರು.

“ಏನಮ್ಮಾ, ಈ ಹಣ್ಣ ದಿನಾ ಹುಡುಗೀರ್ಗೆ ಕೊಡ್ತೀರಾ?”

ಶರಣಮ್ಮ ಶೋಭಾರಾಣಿಯವರ ಕಡೆ ನೋಡಿದಳು. ಅವರ ಹುಬ್ಬು ಮೇಲೇರಿ, ಹೂಂ ಅನ್ನು ಎನ್ನುತ್ತಿತ್ತು. ಆರು ವರ್ಷದ ಕೆಲಸ, ಮೆಟ್ಟಿಲ ಕೆಳಗಿನ ಕೋಣೆ, ಎರಡೂ ಆ ಹುಬ್ಬಿನ ಮೇಲೇ ನಿಂತಿದ್ದವು. ಅವಳು ವೇಣಿಯನ್ನೂ ನೋಡಿದಳು. ಜ್ವರಕ್ಕೆ ಹುಡುಗಿಯ ಕೂದಲು ಉದುರಿ ಬೈತಲೆ ಅಗಲವಾಗಿತ್ತು; ದುಪಟ್ಟಾದ ಮೇಲೆ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

“ಫೋಟೋಕ್ಕ ಅಷ್ಟೇ ಕೊಡ್ತೀವ್ರೀ,” ಎಂದಳು ಶರಣಮ್ಮ. “ಹುಡುಗ್ಯಾರಿಗೆ ಮುಂಜಾನೆ ಚಿತ್ರಾನ್ನ. ನಿಮ್ಮ ಮಗಳಿಗೆ ಬೇಕಂದ್ರ ನಾ ಗಂಜಿ ಕಾಸಿ ಕೊಡ್ತೀನಿ.”

ಶೋಭಾರಾಣಿ ಜೋರಾಗಿ ನಕ್ಕರು. ಈಕೆ ಹೊಸಬಳು, ಇನ್ನೂ ಮೆನು ಗೊತ್ತಿಲ್ಲ ಎಂದರು. ಮೂಲೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದ ರಕ್ಷಿತಾಳಿಗೆ ಕೆಮ್ಮು ಬಂತು. ಹನುಮಂತರಾಯಪ್ಪ ನಗಲಿಲ್ಲ. ಬೆಳಿಗ್ಗೆಯಿಂದ ಮೂರು ಪಿ.ಜಿ. ನೋಡಿದ್ದರಂತೆ. ಒಂದರಲ್ಲಿ ಬಾದಾಮಿ, ಒಂದರಲ್ಲಿ ಮೊಳಕೆಕಾಳು, ಇನ್ನೊಂದರಲ್ಲಿ ಅದೆಂಥದೋ ಹಸಿರು ಜ್ಯೂಸಿನ ಚಿತ್ರ. ದಿನಾ ಕೊಡ್ತೀರಾ ಎಂದು ಕೇಳಿದರೆ ಮೂರೂ ಕಡೆ ಅಡುಗೆಯವರು ಹೂಂ ಎಂದು ತಲೆಯಾಡಿಸಿದ್ದರಂತೆ.

“ನಿಜ ಹೇಳೋರು ಒಬ್ರಾದ್ರೂ ಸಿಕ್ಕಿದ್ರಲ್ಲ,” ಎಂದರು. “ನನ್ ಮಗ್ಳು ಇಲ್ಲೇ ಇರ್ಲಿ.”

ವೇಣಿಯ ಸೂಟ್‌ಕೇಸು ಮೇಲಿನ ಮಹಡಿಗೆ ಹೋಯಿತು. ಉಳಿದ ಹದಿಮೂರು ಹಣ್ಣುಗಳನ್ನು ಶರಣಮ್ಮ ಯಾರನ್ನೂ ಕೇಳದೆ ಬೆಲ್ಲದ ಜೊತೆ ಬಾಣಲೆಗೆ ಹಾಕಿದಳು. ಹೇಗಿದ್ದರೂ ಸಂಜೆಯೊಳಗೆ ಗಂಟು ಕಟ್ಟಬೇಕಾಗುತ್ತದೆ ಎಂದುಕೊಂಡಿದ್ದಳು. ಆದರೆ ಸಂಜೆ ಯಾರೂ ಕರೆಯಲಿಲ್ಲ. ಆ ರಾತ್ರಿ ರಕ್ಷಿತಾ, ವೇಣಿ ಇಬ್ಬರೂ ಗೊಜ್ಜು ನೆಂಚಿಕೊಂಡು ತಲಾ ಮೂರು ಚಪಾತಿ ತಿಂದರು. ಆ ಪಿ.ಜಿ.ಯಲ್ಲಿ ಬ್ಲ್ಯಾಕ್‌ಬೆರಿ ಹುಡುಗಿಯರ ಹೊಟ್ಟೆ ಸೇರಿದ್ದು ಅದೇ ಮೊದಲು.

ಸೋಮವಾರ ಶೋಭಾರಾಣಿ ಶರಣಮ್ಮನನ್ನು ಕರೆಸಿ, ತಲೆಗೆ ಬಿಳಿ ಟೋಪಿ ಹಾಕಿಸಿ, ಕೈಮುಗಿಸಿ ಫೋಟೋ ತೆಗೆಸಿದರು. ಬುಧವಾರ ಗೇಟಿಗೆ ಹೊಸ ಪೋಸ್ಟರ್ ಬಂತು. ಆಳೆತ್ತರದ ಶರಣಮ್ಮ, ಕೆಳಗೆ ದಪ್ಪ ಅಕ್ಷರದಲ್ಲಿ: ‘ಸುಳ್ಳು ಹೇಳದ ಅಡುಗೆಯವರು. ಚಂದಾಪುರದಲ್ಲಿ ನಮ್ಮಲ್ಲಿ ಮಾತ್ರ.’

ಶರಣಮ್ಮ ಸೌಟು ಹಿಡಿದೇ ಬಂದು ತನ್ನ ಚಿತ್ರವನ್ನು ನೋಡುತ್ತ ನಿಂತಳು. ಶೋಭಾರಾಣಿ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು:

“ನೋಡು, ಇನ್ಮೇಲೆ ಯಾರಾದ್ರೂ ರೂಮ್ ನೋಡೋಕೆ ಬಂದ್ರೆ ಇದ್ರಲ್ಲಿ ಇದ್ದೀಯಲ್ಲ, ಹಿಂಗೇ ನಿಂತಿರು. ಬಾಯಿ ಮಾತ್ರ ಬಿಡ್ಬೇಡ.”